ಜನನ ದಿನಾಂಕ, ದೈಹಿಕ ಬೆಳವಣಿಗೆ ಹಾಗೂ ಕಿರಿಯ ಕ್ರೀಡಾಪಟುಗಳ ಆಯ್ಕೆ: ಒಂದು ಅವಲೋಕನ

(ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಕ್ರೀಡಾ ವಸತಿ ನಿಲಯಗಳ ಪ್ರವೇಶಕ್ಕಾಗಿ ಹಾಗೂ ಕಿರಿಯರ ವಿಭಾಗದ ಕ್ರೀಡಾಕೂಟಗಳಲ್ಲಿ ಭಾಗವಹಿಸುವ ಸಲುವಾಗಿ ಸಲ್ಲಿಸಲಾಗುವ ಅರ್ಜಿಗಳಲ್ಲಿ ಅತ್ಯಂತ ಸೂಕ್ಷ್ಮ ಪರಿಶೀಲನೆಗೆ ಒಳಗಾಗುವುದು ವಯಸ್ಸಿನ ದಾಖಲೆಯೇ ಆಗಿರುತ್ತದೆ. ಈ ಸಂಬಂಧದಲ್ಲಿ ಪೋಷಕರು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಕೆಲವೇ ತಿಂಗಳುಗಳ ವ್ಯತ್ಯಾಸಕ್ಕೆ ಇಷ್ಟು ಬಿಗಿ ಏಕೆ ಎಂಬುದು ಮೊದಲನೆಯದು. ಒಂದೇ ತರಗತಿಯಲ್ಲಿ ಓದುತ್ತಿರುವ, ಒಂದೇ ವಯಸ್ಸಿನ ನೆರೆಮನೆಯ ಹುಡುಗ ಆಯ್ಕೆಯಾಗಿ ತಮ್ಮ ಮಗ ಆಯ್ಕೆಯಾಗಲಿಲ್ಲವೇಕೆ ಎಂಬುದು ಎರಡನೆಯದು. ಮೇಲ್ನೋಟಕ್ಕೆ ಒಂದು ಕಚೇರಿಯ ಪ್ರಶ್ನೆ, ಮತ್ತೊಂದು ಮೈದಾನದ ಪ್ರಶ್ನೆ. ವಾಸ್ತವವಾಗಿ ಎರಡಕ್ಕೂ ಉತ್ತರ ಒಂದೇ ಕಡೆ ದೊರೆಯುತ್ತದೆ.

ಕೇಂದ್ರ ಯುವಜನ ವ್ಯವಹಾರ ಮತ್ತು ಕ್ರೀಡಾ ಸಚಿವಾಲಯವು ಕ್ರೀಡೆಯಲ್ಲಿ ವಯಸ್ಸಿನ ವಂಚನೆಯನ್ನು ತಡೆಯುವ ರಾಷ್ಟ್ರೀಯ ಸಂಹಿತೆಯನ್ನು 2010ರಲ್ಲಿ ಜಾರಿಗೆ ತಂದಿತ್ತು. ಸುಮಾರು ಹದಿನೈದು ವರ್ಷಗಳ ನಂತರ, ಮಾರ್ಚ್ 2025ರಲ್ಲಿ, ಅದರ ಪರಿಷ್ಕೃತ ಕರಡನ್ನು ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಲಾಯಿತು. ಈ ಹಿನ್ನೆಲೆಯಲ್ಲಿ ಜನನ ದಿನಾಂಕಕ್ಕೂ ಮಗುವಿನ ಕ್ರೀಡಾ ಸಾಧನೆಗೂ ಇರುವ ನಂಟನ್ನು ಇಲ್ಲಿ ವಿಶ್ಲೇಷಿಸಲಾಗಿದೆ.

ನಿಗದಿತ ದಿನಾಂಕವೆಂಬ ಗೆರೆ

ವಯೋಮಿತಿಯುಳ್ಳ ಪ್ರತಿಯೊಂದು ಸ್ಪರ್ಧೆಗೂ ಒಂದು ನಿಗದಿತ ದಿನಾಂಕ ಇರಲೇಬೇಕು. ಅಂತರರಾಷ್ಟ್ರೀಯ ಫುಟ್‌ಬಾಲ್‌ನ ಕಿರಿಯರ ಸ್ಪರ್ಧೆಗಳಲ್ಲಿ ಅದು ಜನವರಿ 1. ಹತ್ತೊಂಬತ್ತು ವರ್ಷದೊಳಗಿನವರ ಕ್ರಿಕೆಟ್‌ನಲ್ಲಿ ಸೆಪ್ಟೆಂಬರ್ 1. ಜನವರಿ 1ನ್ನು ಗೆರೆಯಾಗಿ ಇಟ್ಟುಕೊಂಡಲ್ಲಿ, 02-01-2013ರಂದು ಜನಿಸಿದ ಬಾಲಕನೂ 28-12-2013ರಂದು ಜನಿಸಿದ ಬಾಲಕನೂ ಒಂದೇ ವಯೋವರ್ಗಕ್ಕೆ ಸೇರುತ್ತಾರೆ. ಕಾಗದದ ಮೇಲೆ ಇಬ್ಬರೂ ಸಮಾನರು. ಆದರೆ ಅವರಿಬ್ಬರ ನಡುವೆ 360 ದಿನಗಳ ಅಂತರವಿದೆ. ಮೂವತ್ತು ವರ್ಷದವರ ವಿಷಯದಲ್ಲಿ ಈ ಅಂತರಕ್ಕೆ ಅರ್ಥವಿಲ್ಲ. ಹತ್ತು ವರ್ಷದ ಮಗುವಿಗಾದರೋ ಒಂದು ವರ್ಷವೆಂದರೆ ಅದು ಈವರೆಗೆ ಬದುಕಿದ ಕಾಲದ ಹತ್ತನೇ ಒಂದು ಭಾಗ.

ಈ ಸಂಗತಿಯು ವಿದ್ವಾಂಸರ ಗಮನಕ್ಕೆ ಬಂದ ಬಗೆ ಸ್ವಾರಸ್ಯಕರವಾಗಿದೆ. 1980ರ ದಶಕದ ಆರಂಭದಲ್ಲಿ ಕೆನಡಾ ದೇಶದ ಲೆತ್‌ಬ್ರಿಡ್ಜ್ ನಗರದಲ್ಲಿ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್ಲಿ ಅವರು ಪತ್ನಿಯೊಂದಿಗೆ ಐಸ್ ಹಾಕಿ ಪಂದ್ಯವೊಂದನ್ನು ನೋಡಲು ಹೋಗಿದ್ದರು. ಅಲ್ಲಿ ಹಂಚಲಾಗಿದ್ದ ಆಟಗಾರರ ಪಟ್ಟಿಯನ್ನು ಓದುತ್ತಿದ್ದ ಪತ್ನಿ ಪೌಲಾ ಅವರಿಗೆ, ಹೆಚ್ಚಿನ ಆಟಗಾರರು ವರ್ಷದ ಮೊದಲ ಕೆಲವು ತಿಂಗಳುಗಳಲ್ಲಿಯೇ ಹುಟ್ಟಿರುವುದು ಕಣ್ಣಿಗೆ ಬಿತ್ತು. ನಂತರ ವಿವಿಧ ಹಂತದ ತಂಡಗಳ ಪಟ್ಟಿಗಳನ್ನು ತಾಳೆ ನೋಡಿದಾಗ ಅದೇ ಚಿತ್ರ ಮತ್ತೆ ಮತ್ತೆ ಕಂಡುಬಂದಿತು. 1985ರಲ್ಲಿ ಪ್ರಕಟವಾದ ಅವರ ಲೇಖನದಿಂದ ಈ ವಿದ್ಯಮಾನಕ್ಕೆ ‘ಸಾಪೇಕ್ಷ ವಯಸ್ಸಿನ ಪರಿಣಾಮ’ ಎಂಬ ಹೆಸರು ರೂಢಿಗೆ ಬಂದಿತು. ಸ್ಥೂಲವಾಗಿ ಹೇಳುವುದಾದರೆ, ಅಲ್ಲಿಯ ಉನ್ನತ ದರ್ಜೆಯ ಆಟಗಾರರಲ್ಲಿ ಶೇ. 40ರಷ್ಟು ಮಂದಿ ಜನವರಿಯಿಂದ ಮಾರ್ಚ್‌ವರೆಗೆ ಹುಟ್ಟಿದವರು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹುಟ್ಟಿದವರು ಶೇ. 10ರಷ್ಟು ಮಾತ್ರ. ಕೆನಡಾದ ಕಿರಿಯರ ಹಾಕಿಯಲ್ಲಿ ನಿಗದಿತ ದಿನಾಂಕ ಜನವರಿ 1 ಆಗಿದ್ದುದೇ ಇದಕ್ಕೆ ಕಾರಣ.

ಇದು ಋತುಮಾನದ ಅಥವಾ ಜನ್ಮನಕ್ಷತ್ರದ ಮಹಿಮೆ ಇರಬಹುದೇ ಎಂದು ಶಂಕಿಸುವವರಿಗೆ ಬೆಲ್ಜಿಯಂ ದೇಶದ ಅನುಭವವೇ ಉತ್ತರ. ಅಲ್ಲಿಯ ಕಿರಿಯರ ಫುಟ್‌ಬಾಲ್‌ನ ನಿಗದಿತ ದಿನಾಂಕವನ್ನು 1997ರಲ್ಲಿ ಆಗಸ್ಟ್ 1ರಿಂದ ಜನವರಿ 1ಕ್ಕೆ ಬದಲಾಯಿಸಲಾಯಿತು. ಅದುವರೆಗೆ ತಂಡಗಳಲ್ಲಿ ತುಂಬಿದ್ದ ಆಗಸ್ಟ್, ಸೆಪ್ಟೆಂಬರ್ ಸಂಜಾತರ ಸಂಖ್ಯೆ ಇಳಿಯಿತು. ಜನವರಿ, ಫೆಬ್ರವರಿ ಸಂಜಾತರ ಸಂಖ್ಯೆ ಏರಿತು. ಮಕ್ಕಳು ಬದಲಾಗಲಿಲ್ಲ, ಗೆರೆ ಮಾತ್ರ ಬದಲಾಯಿತು.

ಹನ್ನೊಂದು ತಿಂಗಳು ದೊಡ್ಡವನಾದ ಬಾಲಕನಿಗೆ ದೊರೆಯುವುದು ಆರಂಭದಲ್ಲಿ ಅಲ್ಪ ಮುಂಗಡ ಮಾತ್ರ. ಸ್ವಲ್ಪ ಎತ್ತರ, ಸ್ವಲ್ಪ ವೇಗ, ಸೂಚನೆಯನ್ನು ಗ್ರಹಿಸುವ ಶಕ್ತಿ ಸ್ವಲ್ಪ ಹೆಚ್ಚು. ಅದನ್ನು ಆಯ್ಕೆದಾರರು ಪ್ರತಿಭೆಯೆಂದು ಭಾವಿಸಿ ಅವನನ್ನು ತಂಡಕ್ಕೆ ತೆಗೆದುಕೊಳ್ಳುತ್ತಾರೆ. ಆ ಬಳಿಕ ಅವನಿಗೆ ನುರಿತ ತರಬೇತುದಾರರು, ಪೌಷ್ಟಿಕ ಆಹಾರ, ಹೆಚ್ಚಿನ ಪಂದ್ಯಗಳು ದೊರೆಯುತ್ತವೆ. ಎರಡು ಮೂರು ವರ್ಷ ಕಳೆಯುವಷ್ಟರಲ್ಲಿ ಮುಂಗಡವು ಚಕ್ರಬಡ್ಡಿಯಂತೆ ಬೆಳೆದು ನಿಜವಾದ ಬಂಡವಾಳವೇ ಆಗಿಬಿಟ್ಟಿರುತ್ತದೆ. ಹೊರಗುಳಿದ ಬಾಲಕನು ಅಷ್ಟರಲ್ಲಿ ಆಟವನ್ನೇ ಬಿಟ್ಟಿರುವ ಸಂಭವವಿರುತ್ತದೆ. ಮೊದಲ ದಿನದ ತೀರ್ಮಾನ ಸರಿಯಾಗಿಯೇ ಇತ್ತೆಂದು ಆಯ್ಕೆದಾರರು ಸಮಾಧಾನಪಡುವಂತಾಗುತ್ತದೆ. ಆ ಸಮಾಧಾನಕ್ಕೆ ಆಧಾರ ಕಡಿಮೆ.

ಹಾಗೆಂದು ವರ್ಷದ ಕೊನೆಯಲ್ಲಿ ಹುಟ್ಟಿದವರಿಗೆ ದಾರಿಯೇ ಇಲ್ಲವೆಂದು ತಿಳಿಯಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಗೆರೆ ಸೆಪ್ಟೆಂಬರ್ 1. ಅಂದರೆ ಜುಲೈ, ಆಗಸ್ಟ್‌ನಲ್ಲಿ ಹುಟ್ಟಿದ ಮಕ್ಕಳು ತಮ್ಮ ವರ್ಗದಲ್ಲಿ ಅತಿ ಕಿರಿಯರು. 28-07-1993ರಂದು ಜನಿಸಿದ ಹ್ಯಾರಿ ಕೇನ್ ಅವರನ್ನು ಅರ್ಸೆನಲ್ ಕ್ಲಬ್‌ನ ಕಿರಿಯರ ವಿಭಾಗದಿಂದ ಬಾಲ್ಯದಲ್ಲಿಯೇ ಕೈಬಿಡಲಾಗಿತ್ತು. 2023ರಲ್ಲಿ ಅವರು ಇಂಗ್ಲೆಂಡ್ ಪರ ಅತಿ ಹೆಚ್ಚು ಗೋಲು ಗಳಿಸಿದ ಆಟಗಾರರಾದರು. ಮೊದಲ ಜರಡಿಯನ್ನು ಹೇಗೋ ದಾಟಿದ ಕಿರಿಯರು ದೊಡ್ಡವರೊಡನೆ ಸೆಣಸಿ ಹೆಚ್ಚು ಚಾಕಚಕ್ಯತೆ ಗಳಿಸುತ್ತಾರೆಂಬ ಅಭಿಪ್ರಾಯವೂ ತಜ್ಞರಲ್ಲಿದೆ. ಆದರೆ ದಾಟಿದವರ ಹೆಸರು ಮಾತ್ರ ನಮಗೆ ತಿಳಿಯುತ್ತದೆ. ದಾಟದೆ ಉಳಿದವರ ಪಟ್ಟಿಯನ್ನು ಯಾರೂ ಇಡುವುದಿಲ್ಲ.

ದೇಹದ ವಯಸ್ಸು ಬೇರೆ

ಹುಟ್ಟಿದ ದಿನಾಂಕದ ವಿಷಯ ಇಷ್ಟಾದರೆ, ದೈಹಿಕ ಪ್ರೌಢತೆಯ ವಿಷಯ ಇನ್ನೂ ಜಟಿಲವಾಗಿದೆ. ಇವೆರಡನ್ನೂ ಒಂದೇ ಎಂದು ಭಾವಿಸುವುದು ಸಾಮಾನ್ಯ ತಪ್ಪು. ಡಿಸೆಂಬರ್‌ನಲ್ಲಿ ಹುಟ್ಟಿದ ಬಾಲಕನು ಬೇಗ ಬೆಳೆದಿರಬಹುದು. ಜನವರಿಯಲ್ಲಿ ಹುಟ್ಟಿದವನು ಹದಿನೈದು ತುಂಬಿದರೂ ಮೀಸೆ ಮೂಡದ ಪುಟ್ಟ ಹುಡುಗನಂತೆಯೇ ಇರಬಹುದು.

ಬೆಳವಣಿಗೆಯ ಅತಿ ವೇಗದ ಘಟ್ಟ ಬಾಲಕಿಯರಲ್ಲಿ ಸರಾಸರಿ 12ನೇ ವಯಸ್ಸಿನ ಸುಮಾರಿಗೆ, ಬಾಲಕರಲ್ಲಿ 14ನೇ ವಯಸ್ಸಿನ ಸುಮಾರಿಗೆ ಬರುತ್ತದೆ. ಆ ಒಂದು ವರ್ಷದಲ್ಲಿ ಬಾಲಕರು 9 ರಿಂದ 10 ಸೆಂಟಿಮೀಟರ್‌ಗಳವರೆಗೂ ಬೆಳೆಯುವುದುಂಟು. ಎತ್ತರ ಮೊದಲು ಬರುತ್ತದೆ. ತೂಕವೂ ಸ್ನಾಯುಬಲವೂ ಕೆಲವು ತಿಂಗಳುಗಳ ನಂತರ ಬರುತ್ತವೆ. ಈ ಘಟ್ಟವು ಕೆಲವರಿಗೆ ಎರಡು ವರ್ಷ ಮೊದಲು, ಮತ್ತೆ ಕೆಲವರಿಗೆ ಎರಡು ವರ್ಷ ತಡವಾಗಿ ಬರಬಹುದು; ಎರಡೂ ಸಹಜವೇ. ಆದ್ದರಿಂದ ಹದಿಮೂರು ವರ್ಷದ ಬಾಲಕರ ಒಂದು ಸಾಲಿನಲ್ಲಿ ದೇಹದ ವಯಸ್ಸನ್ನು ಅಳೆದರೆ ನಾಲ್ಕೈದು ವರ್ಷಗಳ ಅಂತರ ಕಂಡುಬರುವುದು ಅಸಾಧ್ಯವಲ್ಲ. ಇದರ ಮುಂದೆ ಹನ್ನೊಂದು ತಿಂಗಳ ಲೆಕ್ಕ ಚಿಕ್ಕದಾಗಿ ತೋರುತ್ತದೆ.

ಬೇಗ ಬೆಳೆದ ಬಾಲಕನು ಹದಿನಾಲ್ಕು ವರ್ಷದೊಳಗಿನ ಗುಂಡು ಎಸೆತದಲ್ಲಿ, ನೂರು ಮೀಟರ್ ಓಟದಲ್ಲಿ, ವೇಗದ ಬೌಲಿಂಗ್‌ನಲ್ಲಿ ಎದ್ದು ಕಾಣುತ್ತಾನೆ. ಹದಿನೆಂಟರ ವೇಳೆಗೆ ಇತರರೂ ಬೆಳೆದು ಸಮನಾದಾಗ, ಬಲವನ್ನೇ ನಂಬಿ ಕೌಶಲ್ಯವನ್ನು ಕಲಿಯದ ಅಂತಹವನು ಹಿಂದೆ ಬೀಳುತ್ತಾನೆ. ಬಾಲಕಿಯರಲ್ಲಿ ಸಮಸ್ಯೆಯ ಸ್ವರೂಪ ಬೇರೆ. ಬೇಗ ಪ್ರೌಢಳಾದ ಬಾಲಕಿಗೆ ಓಟ, ಈಜುಗಳಲ್ಲಿ ಮೊದಲು ಅನುಕೂಲವಾಗಿ, ಮೈಕಟ್ಟು ಬದಲಾದಂತೆ ಸಮಯ ಸುಧಾರಿಸದೆ ನಿಲ್ಲುವುದುಂಟು. ಜಿಮ್ನಾಸ್ಟಿಕ್ಸ್‌ನಲ್ಲಿ ತಡವಾಗಿ ಬೆಳೆಯುವವರಿಗೇ ಅನುಕೂಲ. ಹುಡುಗಿಯು ಸೋಮಾರಿಯಾದಳೆಂದು ಮನೆಯವರೂ ತರಬೇತುದಾರರೂ ದೂರುವ ವೇಳೆಗೆ ನಡೆದಿರುವುದು ಹೆಚ್ಚಾಗಿ ಈ ಸಹಜ ಬದಲಾವಣೆಯೇ ಆಗಿರುತ್ತದೆ.

ಬೆಳವಣಿಗೆಯ ವೇಗ ಹೆಚ್ಚಿರುವ ತಿಂಗಳುಗಳಲ್ಲಿ ಕೈಕಾಲುಗಳ ಹೊಂದಾಣಿಕೆ ತಾತ್ಕಾಲಿಕವಾಗಿ ತಪ್ಪುವುದು, ಮೊಣಕಾಲಿನ ಕೆಳಭಾಗದಲ್ಲಿ ಅಥವಾ ಹಿಮ್ಮಡಿಯಲ್ಲಿ ನೋವು ಕಾಣಿಸಿಕೊಳ್ಳುವುದು ಸಾಮಾನ್ಯ. ಮೂಳೆಯ ತುದಿಗಳಲ್ಲಿನ ಬೆಳವಣಿಗೆಯ ಪದರ ಇನ್ನೂ ಮೃದುವಾಗಿರುವುದೇ ಇದಕ್ಕೆ ಕಾರಣ. ಇಂತಹ ಸಮಯದಲ್ಲಿ ಅಭ್ಯಾಸದ ಹೊರೆಯನ್ನು ಕಡಿಮೆ ಮಾಡಿ ವೈದ್ಯರನ್ನು ಕಾಣುವುದು ಉಚಿತ.

ಜೂನ್ ಒಂದರ ಮಕ್ಕಳು

ಕೆನಡಾದ ರೀತಿಯಲ್ಲಿ ನಮ್ಮ ರಾಜ್ಯದ ಆಟಗಾರರ ಪಟ್ಟಿಯನ್ನು ಹಿಡಿದು ಜನನ ತಿಂಗಳುಗಳನ್ನು ಎಣಿಸಲು ಹೊರಟರೆ ವಿಚಿತ್ರವಾದ ಅಡಚಣೆ ಎದುರಾಗುತ್ತದೆ. ಹಳೆಯ ಶಾಲಾ ದಾಖಲಾತಿ ಪುಸ್ತಕಗಳನ್ನು ತಿರುವಿದವರಿಗೆ ಇದು ತಿಳಿದ ವಿಷಯವೇ: ಪುಟದ ನಂತರ ಪುಟದಲ್ಲಿ ಜನನ ದಿನಾಂಕ ಜೂನ್ 1. ಮನೆಯಲ್ಲಿಯೇ ಹೆರಿಗೆ, ನೋಂದಣಿ ಇಲ್ಲ, ತಂದೆ ತಾಯಿಗೆ ನೆನಪಿರುವುದು ಊರ ಜಾತ್ರೆಯ ಮುಂಚೆಯೋ ಮಳೆ ಹಿಡಿದ ವಾರವೋ ಎಂಬಷ್ಟೇ. ಶಾಲಾ ವರ್ಷ ಜೂನ್‌ನಲ್ಲಿ ಆರಂಭವಾಗುವ ಕಾರಣ ಶಿಕ್ಷಕರು ಪ್ರವೇಶಕ್ಕೆ ಬೇಕಾದ ಕನಿಷ್ಠ ವಯಸ್ಸನ್ನು ಹಿಂದಕ್ಕೆ ಎಣಿಸಿ ಆ ದಿನಾಂಕವನ್ನೇ ಬರೆದುಬಿಡುತ್ತಿದ್ದರು. ಇದರಲ್ಲಿ ದುರುದ್ದೇಶವಿರಲಿಲ್ಲ, ಮಗು ಶಾಲೆಗೆ ಸೇರಲಿ ಎಂಬ ಕಾಳಜಿಯೇ ಇತ್ತು.

ಆದರೆ ಪರಿಣಾಮವನ್ನು ಗಮನಿಸಬೇಕು. ಕನಿಷ್ಠ ವಯಸ್ಸು ತುಂಬದ ಮಗುವಿಗೆ ಎಂಟು ಹತ್ತು ತಿಂಗಳು ಹೆಚ್ಚಿಸಿ ಬರೆಸಿದ್ದರೆ, ಅದೇ ಮಗು ಮುಂದೆ ಕ್ರೀಡಾಕೂಟದಲ್ಲಿ ತನಗಿಂತ ನಿಜವಾಗಿಯೂ ದೊಡ್ಡವರಾದವರ ನಡುವೆ ನಿಲ್ಲಬೇಕಾಗುತ್ತದೆ. ಹದಿನಾಲ್ಕು ವರ್ಷದೊಳಗಿನ ವಿಭಾಗಕ್ಕೆ ವಾಸ್ತವವಾಗಿ ಅರ್ಹನಾಗಿದ್ದರೂ ದಾಖಲೆಯ ಪ್ರಕಾರ ಅನರ್ಹನಾಗುತ್ತಾನೆ. ಆಗ ಪೋಷಕರು ದಿನಾಂಕ ತಿದ್ದುಪಡಿಗಾಗಿ ಅರ್ಜಿ ಸಲ್ಲಿಸುತ್ತಾರೆ. ಇಲ್ಲಿಯೇ ನಿಜವಾದ ತೊಡಕು ಇರುವುದು. ನಿಜವಾದ ತಪ್ಪನ್ನು ಸರಿಪಡಿಸಬೇಕೆಂಬ ಅರ್ಜಿಯೂ, ವಯಸ್ಸನ್ನು ಕಡಿಮೆ ಮಾಡಿಸಿಕೊಳ್ಳುವ ಉದ್ದೇಶದ ಅರ್ಜಿಯೂ ಮೇಜಿನ ಮೇಲೆ ಒಂದೇ ರೀತಿ ಕಾಣುತ್ತವೆ. ಮಗು ಆಟದಲ್ಲಿ ಹೆಸರು ಮಾಡಿದ ಮೇಲೆ ಸಲ್ಲಿಕೆಯಾದ ಯಾವುದೇ ತಿದ್ದುಪಡಿಯನ್ನು ಅಧಿಕಾರಿಗಳು ಸಂಶಯದಿಂದ ನೋಡುವುದು ಸಹಜ. ವಂಚಿಸುವವರ ದೆಸೆಯಿಂದ ಪ್ರಾಮಾಣಿಕ ಅರ್ಜಿದಾರರಿಗೆ ತೊಂದರೆಯಾಗುತ್ತಿದೆ ಎಂದು ಹೇಳದೆ ವಿಧಿಯಿಲ್ಲ.

ಒಂದನೇ ತರಗತಿಯ ಪ್ರವೇಶಕ್ಕೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮವನ್ನು 2025-26ನೇ ಸಾಲಿನಿಂದ ಜಾರಿಗೊಳಿಸಬೇಕಾಗಿತ್ತು. ಆ ಒಂದು ಸಾಲಿಗೆ ಮಾತ್ರ ಐದು ವರ್ಷ ಐದು ತಿಂಗಳಿಗೆ ಸಡಿಲಿಕೆ ನೀಡಲಾಯಿತು. ಹೀಗಾಗಿ ಆ ಸಾಲಿನಲ್ಲಿ ಸೇರಿದ ಮಕ್ಕಳ ನಡುವಿನ ವಯಸ್ಸಿನ ಅಂತರವು ಹನ್ನೆರಡು ತಿಂಗಳನ್ನು ಮೀರುವ ಸಾಧ್ಯತೆ ಇದೆ. ಇವರು ಐದನೇ ತರಗತಿ ತಲುಪಿದಾಗ, ವಯಸ್ಸನ್ನು ನೋಡದೆ ತರಗತಿಯನ್ನಷ್ಟೇ ಆಧರಿಸಿ ಕ್ರೀಡಾ ಆಯ್ಕೆ ನಡೆಸಿದಲ್ಲಿ ಸಣ್ಣ ಮಕ್ಕಳಿಗೆ ಅನ್ಯಾಯವಾಗುವುದನ್ನು ಈಗಲೇ ಗಮನದಲ್ಲಿಡುವುದು ಒಳಿತು.

ಮೂಳೆ ಪರೀಕ್ಷೆಯ ಬಲ ಮತ್ತು ಮಿತಿ

ದಾಖಲೆಗಳನ್ನು ನಂಬಲಾಗದ ಪರಿಸ್ಥಿತಿಯಲ್ಲಿ ಕ್ರೀಡಾ ಸಂಸ್ಥೆಗಳು ದೇಹವನ್ನೇ ಸಾಕ್ಷಿಯಾಗಿ ಕರೆಯಲು ಆರಂಭಿಸಿದವು. ಟ್ಯಾನರ್ ಮತ್ತು ವೈಟ್‌ಹೌಸ್ ಎಂಬ ವಿಜ್ಞಾನಿಗಳ ಹೆಸರಿನ, ‘ಟಿಡಬ್ಲ್ಯೂ-3’ ಎಂದು ಕರೆಯಲಾಗುವ ವಿಧಾನದಲ್ಲಿ ಎಡಗೈ ಮತ್ತು ಮಣಿಕಟ್ಟಿನ ಕ್ಷ-ಕಿರಣ ಚಿತ್ರವನ್ನು ತೆಗೆದು, ಪ್ರತಿಯೊಂದು ಮೂಳೆಯ ಬೆಳವಣಿಗೆಗೆ ಅಂಕ ನೀಡಿ, ಒಟ್ಟು ಅಂಕದಿಂದ ಮೂಳೆಯ ವಯಸ್ಸನ್ನು ನಿರ್ಧರಿಸಲಾಗುತ್ತದೆ. ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯು ಹದಿನಾರು ವರ್ಷದೊಳಗಿನ ಬಾಲಕರಿಗೆ ಈ ಪರೀಕ್ಷೆಯನ್ನು ಅನ್ವಯಿಸುತ್ತಿದೆ. ಫಿಫಾ ಸಂಸ್ಥೆಯು 2009ರಿಂದ ಹದಿನೇಳು ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ವಿಕಿರಣದ ಪ್ರಶ್ನೆಯೇ ಇಲ್ಲದ ಎಂ.ಆರ್.ಐ. ಚಿತ್ರಣವನ್ನು ಬಳಸುತ್ತಿದೆ.

ಆದರೆ ಮೂಳೆ ಪರೀಕ್ಷೆಯು ಹೇಳುವುದು ಮೂಳೆ ಎಷ್ಟು ಬೆಳೆದಿದೆ ಎಂಬುದನ್ನು ಮಾತ್ರ. ಮಗು ಯಾವಾಗ ಹುಟ್ಟಿತು ಎಂಬುದನ್ನು ಅದು ಹೇಳಲಾರದು. ಬೇಗ ಬೆಳೆಯುವ ಬಾಲಕನ ಮೂಳೆಯ ವಯಸ್ಸು ಅವನ ನಿಜ ವಯಸ್ಸಿಗಿಂತ ಒಂದು ವರ್ಷ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚಾಗಿರಬಹುದು. ಅವನ ತಂದೆ ತಾಯಿ ಯಾವ ಸುಳ್ಳನ್ನೂ ಹೇಳಿಲ್ಲದಿದ್ದರೂ ಅವನು ಹೊರಗುಳಿಯುತ್ತಾನೆ. ವ್ಯತಿರಿಕ್ತವಾಗಿ, ತಡವಾಗಿ ಬೆಳೆಯುವವನು ವಯಸ್ಸು ಮರೆಮಾಚಿಯೂ ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದು. ಒಮ್ಮೆ ಪರೀಕ್ಷೆಯಾದ ಬಾಲಕನ ಮೂಳೆ ವಯಸ್ಸಿಗೆ ಮುಂದಿನ ಸಾಲಿನಲ್ಲಿ ಲೆಕ್ಕಕ್ಕೆಂದು ಒಂದನ್ನು ಕೂಡಿಸುವ ಪದ್ಧತಿ ಕ್ರಿಕೆಟ್ ಮಂಡಳಿಯಲ್ಲಿತ್ತು. ಕೇವಲ ಈ ಕೂಡುವಿಕೆಯಿಂದ ಯಾರೂ ವರ್ಷ ಕಳೆದುಕೊಳ್ಳಬಾರದೆಂದು 2025ರಲ್ಲಿ ಎರಡನೇ ಪರೀಕ್ಷೆಗೆ ಅವಕಾಶ ಕಲ್ಪಿಸಲಾಯಿತು. ಇದು ಸ್ವಾಗತಾರ್ಹ ಕ್ರಮ. ದೇಹವು ಕ್ಯಾಲೆಂಡರ್‌ನಂತೆ ವರ್ಷಕ್ಕೆ ಸರಿಯಾಗಿ ಒಂದು ಹೆಜ್ಜೆ ಇಡುವುದಿಲ್ಲ.

ವಯಸ್ಸು ಮರೆಮಾಚುವವರಿಗೆ ಸಂಬಂಧಿಸಿದಂತೆ ಕ್ರಮಗಳು ಕಠಿಣವಾಗುತ್ತಿವೆ. ಸ್ವತಃ ಮುಂದೆ ಬಂದು ತಪ್ಪು ಒಪ್ಪಿಕೊಂಡವರಿಗೆ ವಿನಾಯಿತಿ, ಮರೆಮಾಚಿ ಸಿಕ್ಕಿಬಿದ್ದವರಿಗೆ ಎರಡು ವರ್ಷಗಳ ನಿಷೇಧ ಎಂಬ ಯೋಜನೆಯನ್ನು ಕ್ರಿಕೆಟ್ ಮಂಡಳಿಯು ಆಗಸ್ಟ್ 2020ರಲ್ಲಿ ಪ್ರಕಟಿಸಿತು. ಕೇಂದ್ರದ 2025ರ ಕರಡು ಸಂಹಿತೆಯಲ್ಲಿಯೂ ಮೊದಲ ತಪ್ಪಿಗೆ ಎರಡು ವರ್ಷ, ಎರಡನೆಯದಕ್ಕೆ ಆಜೀವ ನಿಷೇಧ ಹಾಗೂ ಪೊಲೀಸ್ ಮೊಕದ್ದಮೆ, ಸಹಕರಿಸಿದ ತರಬೇತುದಾರರಿಗೂ ಅಧಿಕಾರಿಗಳಿಗೂ ಶಿಕ್ಷೆ ಪ್ರಸ್ತಾಪಿತವಾಗಿವೆ. ಬೆಂಗಳೂರಿನವರೇ ಆದ ರಾಹುಲ್ ದ್ರಾವಿಡ್ ಅವರು ಡಿಸೆಂಬರ್ 2015ರಲ್ಲಿ ದೆಹಲಿಯಲ್ಲಿ ನೀಡಿದ ಪಟೌಡಿ ಸ್ಮಾರಕ ಉಪನ್ಯಾಸದಲ್ಲಿ ಈ ಪಿಡುಗನ್ನು ವಿವರವಾಗಿ ಪ್ರಸ್ತಾಪಿಸಿದ್ದರು. ವಯಸ್ಸು ಮರೆಮಾಚಿದ ಹುಡುಗ ಮೇಲೆ ಬರುವುದು ಪ್ರತಿಭೆಯಿಂದಲ್ಲ, ದೇಹಬಲದಿಂದ. ಅವನಿಂದಾಗಿ ಪ್ರಾಮಾಣಿಕ ಬಾಲಕನೊಬ್ಬ ಸ್ಥಾನ ಕಳೆದುಕೊಳ್ಳುತ್ತಾನೆ ಎಂಬುದು ಅವರ ಮಾತಿನ ಸಾರಾಂಶವಾಗಿತ್ತು. ಆ ಪ್ರಾಮಾಣಿಕ ಬಾಲಕನು ವರ್ಷದ ಕೊನೆಯಲ್ಲಿ ಹುಟ್ಟಿ, ತಡವಾಗಿ ಬೆಳೆಯುವವನೂ ಆಗಿದ್ದರೆ ಅವನ ಮೇಲೆ ಬೀಳುವ ಹೊರೆ ಮೂರು ಪಟ್ಟು.

ಪರಿಹಾರದ ದಾರಿಗಳು

ಇಂಗ್ಲೆಂಡಿನ ಪ್ರೀಮಿಯರ್ ಲೀಗ್ 2015ರಲ್ಲಿ ಒಂದು ಪ್ರಯೋಗ ನಡೆಸಿತು. ಮಕ್ಕಳನ್ನು ಹುಟ್ಟಿದ ವರ್ಷದ ಪ್ರಕಾರ ವಿಂಗಡಿಸದೆ, ಮುಂದೆ ತಲುಪಬಹುದಾದ ಎತ್ತರದ ಶೇಕಡಾ ಎಷ್ಟನ್ನು ಈಗ ತಲುಪಿದ್ದಾರೆ ಎಂಬ ಅಂದಾಜಿನ ಮೇಲೆ ತಂಡಗಳನ್ನು ಕಟ್ಟಿ ಆಡಿಸಲಾಯಿತು. ಸಣ್ಣ ಮಕ್ಕಳಿಗೆ ತಮ್ಮ ಚಾತುರ್ಯ ತೋರಲು ಅವಕಾಶವಾಯಿತು. ಬೇಗ ಬೆಳೆದವರು ಕೇವಲ ಬಲದಿಂದ ಗೆಲ್ಲಲಾಗದೆ ಕೌಶಲ್ಯವನ್ನು ಬಳಸಬೇಕಾಯಿತು. ಇದು ನಮಗೆ ಪೂರ್ತಿ ಹೊಸದೇನಲ್ಲ. ಮೈಸೂರು ದಸರಾ ಕುಸ್ತಿಗೆ ಮುನ್ನ ನಡೆಯುವ ಜೋಡಿ ಕಟ್ಟುವ ಕಾರ್ಯಕ್ರಮದಲ್ಲಿ ಹಿರಿಯ ಪೈಲ್ವಾನರು ಸಮಬಲರನ್ನು ಎದುರುಬದುರು ನಿಲ್ಲಿಸುವುದನ್ನು ನೋಡಿದವರಿಗೆ ತತ್ತ್ವವು ತಾನಾಗಿಯೇ ತಿಳಿಯುತ್ತದೆ. ಕಿರಿಯರ ಕಬಡ್ಡಿಯಲ್ಲಿಯೂ ವಯಸ್ಸಿನೊಂದಿಗೆ ದೇಹತೂಕದ ಮಿತಿ ಇದೆ.

ಇನ್ನೊಂದು ಉಪಾಯಕ್ಕೆ ಖರ್ಚೇ ಇಲ್ಲ. 2017ರಲ್ಲಿ ಪ್ರಕಟವಾದ, ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದ ಅಧ್ಯಯನದಲ್ಲಿ, ಆಟಗಾರರ ಅಂಗಿಯ ಸಂಖ್ಯೆಗಳನ್ನು ವಯಸ್ಸಿನ ಅನುಕ್ರಮದಲ್ಲಿ ನೀಡಿ, ಆ ವಿಷಯವನ್ನು ಆಯ್ಕೆದಾರರಿಗೆ ತಿಳಿಸಲಾಯಿತು. ಯಾರು ಹಿರಿಯ, ಯಾರು ಕಿರಿಯ ಎಂಬುದು ಸಂಖ್ಯೆಯಿಂದಲೇ ಕಾಣುತ್ತಿದ್ದುದರಿಂದ ಹಿರಿಯರ ಕಡೆಗಿನ ಒಲವು ಮರೆಯಾಯಿತು. ಗಮನಾರ್ಹ ಸಂಗತಿಯೆಂದರೆ, ಜನನ ದಿನಾಂಕದ ಪಟ್ಟಿಯನ್ನು ಕೈಯಲ್ಲಿ ಕೊಟ್ಟಷ್ಟಕ್ಕೆ ಈ ಫಲ ದೊರೆಯಲಿಲ್ಲ. ತಾಲ್ಲೂಕು ಮಟ್ಟದ ಆಯ್ಕೆಯಲ್ಲಿ ಎದೆ ಸಂಖ್ಯೆಗಳನ್ನು ಬಂದವರ ಸಾಲಿನಂತೆ ನೀಡುವ ಬದಲು ಜನನ ದಿನಾಂಕದ ಅನುಕ್ರಮದಲ್ಲಿ ನೀಡಲು ದೈಹಿಕ ಶಿಕ್ಷಣ ಶಿಕ್ಷಕರಿಗೆ ಅರ್ಧ ಗಂಟೆ ಸಾಕು. ಆದರೆ ಆ ದಿನಾಂಕಗಳು ನಿಜವಾಗಿದ್ದರೆ ಮಾತ್ರ ಈ ಉಪಾಯ ಫಲಿಸುತ್ತದೆ.

ಅರ್ಜಿದಾರರ ಗಮನಕ್ಕೆ

ಜನನ ಮತ್ತು ಮರಣ ನೋಂದಣಿ ಅಧಿನಿಯಮ, 1969ರ ಪ್ರಕಾರ ಜನನವನ್ನು 21 ದಿನಗಳೊಳಗೆ ವರದಿ ಮಾಡತಕ್ಕದ್ದು. ಆ ನಂತರ 30 ದಿನಗಳವರೆಗೆ ವಿಳಂಬ ಶುಲ್ಕದೊಡನೆ, 30 ದಿನಗಳಿಂದ ಒಂದು ವರ್ಷದವರೆಗೆ ಸಕ್ಷಮ ಪ್ರಾಧಿಕಾರದ ಲಿಖಿತ ಅನುಮತಿಯೊಡನೆ ನೋಂದಾಯಿಸಬಹುದು. ಒಂದು ವರ್ಷ ಮೀರಿದ ಪ್ರಕರಣಗಳಲ್ಲಿ, 2023ರ ತಿದ್ದುಪಡಿಯ ಮೇರೆಗೆ, ಜಿಲ್ಲಾ ಅಥವಾ ಉಪವಿಭಾಗೀಯ ದಂಡಾಧಿಕಾರಿಯ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಅಗತ್ಯ. ತಪ್ಪು ನಮೂದನ್ನು ಕಲಂ 15ರ ಅಡಿಯಲ್ಲಿ ಸರಿಪಡಿಸಲು ಅವಕಾಶವಿದೆ. ಮೂಲ ನಮೂದನ್ನು ಅಳಿಸದೆ ಅಂಚಿನಲ್ಲಿ ತಿದ್ದುಪಡಿಯನ್ನು ದಾಖಲಿಸಲಾಗುತ್ತದೆ. ಆದ್ದರಿಂದ ಹಳೆಯ ದಿನಾಂಕ ಯಾವತ್ತೂ ಮರೆಯಾಗುವುದಿಲ್ಲ ಎಂಬುದನ್ನು, ದಿನಾಂಕ ಬದಲಿಸಿಕೊಡುವುದಾಗಿ ಹೇಳಿಕೊಂಡು ಬರುವ ಮಧ್ಯವರ್ತಿಗಳನ್ನು ನಂಬುವ ಮುನ್ನ ನೆನಪಿಡತಕ್ಕದ್ದು.

ದಿನಾಂಕ 01-10-2023ರಂದು ಅಥವಾ ನಂತರ ಜನಿಸಿದವರಿಗೆ ಶಾಲಾ ಪ್ರವೇಶವೂ ಸೇರಿದಂತೆ ಹಲವು ಉದ್ದೇಶಗಳಿಗೆ ಜನನ ಪ್ರಮಾಣ ಪತ್ರವೇ ಜನನ ದಿನಾಂಕದ ಆಧಾರವಾಗಿರುತ್ತದೆ. ಈ ಮಕ್ಕಳು ಐದನೇ ತರಗತಿಗೆ ಬರುವುದು 2034ರ ಸುಮಾರಿಗೆ. ಅಲ್ಲಿಯವರೆಗೆ ಶಾಲಾ ದಾಖಲಾತಿ, ಆಧಾರ್ ಮತ್ತು ಜನನ ಪ್ರಮಾಣ ಪತ್ರಗಳಲ್ಲಿ ಬೇರೆ ಬೇರೆ ದಿನಾಂಕಗಳಿರುವ ಪ್ರಕರಣಗಳು ಮುಂದುವರಿಯುತ್ತವೆ. ವ್ಯತ್ಯಾಸವಿರುವ ಪೋಷಕರು ಮಗುವಿಗೆ ಹತ್ತು ವರ್ಷ ತುಂಬುವ ಮೊದಲೇ, ಹೆರಿಗೆಯಾದ ಆಸ್ಪತ್ರೆಯ ದಾಖಲೆ, ಲಸಿಕೆ ಕಾರ್ಡು, ಅಂಗನವಾಡಿಯ ದಾಖಲೆ ಮುಂತಾದ ಹುಟ್ಟಿನ ಕಾಲಕ್ಕೆ ಸೇರಿದ ಆಧಾರಗಳೊಂದಿಗೆ ಅರ್ಜಿ ಸಲ್ಲಿಸುವುದು ಸೂಕ್ತ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ದಿನಾಂಕ ಮುದ್ರಿತವಾದ ಮೇಲೆ ತಿದ್ದುಪಡಿಯು ಬಹಳ ಕಷ್ಟಸಾಧ್ಯ.

ಒಮ್ಮೆ ಆಯ್ಕೆಯಾಗದ ಮಗುವಿನ ಎತ್ತರವನ್ನು ಮೂರು ತಿಂಗಳಿಗೊಮ್ಮೆ ಮನೆಯ ಗೋಡೆಯ ಒಂದೇ ಜಾಗದಲ್ಲಿ ಅಳೆದು, ದಿನಾಂಕ ಸಹಿತ ಪುಸ್ತಕದಲ್ಲಿ ಬರೆದಿಡುವಂತೆ ಪೋಷಕರಿಗೆ ಸೂಚಿಸಲಾಗಿದೆ. ಬೆಳವಣಿಗೆಯ ವೇಗದ ಘಟ್ಟ ಇನ್ನೂ ಬಂದಿಲ್ಲವೆಂದು ಈ ಅಳತೆಯಿಂದ ಕಂಡುಬಂದಲ್ಲಿ, ಮಗುವಿನ ಅಭ್ಯಾಸವನ್ನು ನಿಲ್ಲಿಸದೆ, ವಯೋಮಿತಿಗೆ ಒಳಪಟ್ಟು ಮುಂದಿನ ಸಾಲಿನ ಆಯ್ಕೆಗೂ ಅದೇ ಜನನ ಪ್ರಮಾಣ ಪತ್ರದೊಂದಿಗೆ ಕರೆತರುವುದು.